ಶೀತಗೃಹದ ಬೋರ್ಡು

ಹೊಸ ಧಂದೆ ಸುರುಮಾಡುವವನಿಗೆ ಬುದ್ಧಿ ಹೇಳಲು ಊರಿಗೆ ಊರೇ ಸಿದ್ಧವಾಗಿರುತ್ತದೆಯಂತೆ. ನನಗೆ ಯಾರೂ ಹೇಳಲಿಲ್ಲ, ಏಕೆಂದರೆ ನಾನು ಯಾರನ್ನೂ ಕೇಳಲಿಲ್ಲ. ಹನ್ನೊಂದು ವರ್ಷ ಕಾರವಾರದಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದವನಿಗೆ ಕೇಳುವ ಅಭ್ಯಾಸ ತಪ್ಪಿ, ಹೇಳುವ ಅಭ್ಯಾಸವೊಂದೇ ಉಳಿದಿರುತ್ತದೆ. ಆ ನೌಕರಿ ಬಿಟ್ಟದ್ದೂ ಒಂದು ಶಬ್ದದ ಸಲುವಾಗಿಯೇ. ತಪಾಸಣೆಗೆ ಬಂದ ಸಾಹೇಬರು ನಾನು ಹಲಗೆಯ ಮೇಲೆ ಬರೆದ ಶಬ್ದವೊಂದನ್ನು ಹುಡುಗರೆದುರಿಗೆ ಅಳಿಸಿ ತಿದ್ದಿದರು. ನನ್ನ ಶಬ್ದ ಸರಿಯಾಗಿತ್ತು. ಅಂದೇ ರಾಜೀನಾಮೆ ಬರೆದೆ. ಅದರಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಹೆಂಡತಿ ಅಳಲಿಲ್ಲ, ಜಗಳಾಡಲಿಲ್ಲ. "ಏನಾರೂ ಮಾಡಿ. ಅಂಕೋಲೆ ಮನಿಗೆ ಮಾತ್ರ ವಾಪಸ್ ಹೋಗೂದು ಬ್ಯಾಡ" ಎಂದಳು. ಅಂಕೋಲೆಯ ಮನೆಯೆಂದರೆ ನನ್ನ ಅಣ್ಣನದು. ಅಲ್ಲಿ ಅನ್ನದ ಸಟ್ಟುಗ ಮುಟ್ಟಬೇಕಾದರೂ ಅವಳು ಅತ್ತಿಗೆಯ ಮುಖ ನೋಡಬೇಕಿತ್ತು. ಕಾರವಾರದ ಹಬ್ಬುವಾಡದಲ್ಲಿ ನಮ್ಮ ಬಾಡಿಗೆ ಮನೆ ಎರಡೇ ಕೋಣೆಯದು, ಸೋರುತ್ತಿತ್ತು ಕೂಡ. ಆದರೆ ಸಟ್ಟುಗ ಅವಳದಾಗಿತ್ತು.

ನಾನು ಯೋಜನೆಗೆ ಕೂತೆ. ಮುಂಬೈ ಸ್ಟೀಮರಿನಲ್ಲಿ ವ್ಯಾಪಾರ ಕಲಿಸುವ ಮರಾಠಿ ಪುಸ್ತಕವೊಂದನ್ನು ತರಿಸಿಕೊಂಡೆ. ಗಿರಾಕಿಗೆ ಏನು ಬೇಕೆಂದು ಮೊದಲು ವಿಚಾರಿಸಿ ತಿಳಿಯಬೇಕೆಂದು ಅದರಲ್ಲಿತ್ತು. ವಿಚಾರಿಸಿದೆ, ನನ್ನನ್ನೇ. ಕಚೇರಿಯ ರಸ್ತೆಯಲ್ಲಿ ಒಂದು ವಾರ ಮರದಡಿ ನಿಂತು, ನೆರಳು ಯಾವ ಹೊತ್ತಿಗೆ ಎತ್ತ ಸರಿಯುತ್ತದೆ, ಕೋರ್ಟಿಗೆ ಬಂದವರು ಎಲ್ಲಿ ಬೆವರು ಒರೆಸುತ್ತಾರೆ ಎಂದೆಲ್ಲ ನೋಟುಬುಕ್ಕಿನಲ್ಲಿ ಬರೆದೆ. ಬಂದ ಉತ್ತರ, ಬಾಯಾರಿಕೆ. ಸರಿ, ಗೋಲಿ ಸೋಡಾ, ಲಿಂಬೆ ಪಾನಕ, ಕೋಕಂ ಶರಬತ್ತು. ಬರ್ಫ ಸಿಗುವ ಊರಲ್ಲ, ಆದ್ದರಿಂದ ಅದೇ ರಸ್ತೆಯಲ್ಲಿ ಬಾಡಿಗೆಗೆ ಹಿಡಿದ ಅಂಗಡಿಯೊಳಗೆ ಒದ್ದೆ ಮರಳಿನಲ್ಲಿ ಮಡಕೆಗಳನ್ನು ಹೂತಿಟ್ಟೆ. ಇಷ್ಟಕ್ಕೆಲ್ಲ ಒಂದು ವಾರ ಹಿಡಿದರೆ ಹೆಸರಿಗೇ ಎರಡು ವಾರ ಹಿಡಿಯಿತು. ಶಬ್ದಕೋಶ ತಿರುವಿ ತಿರುವಿ ಕೊನೆಗೆ ಬೋರ್ಡಿನ ಮೇಲೆ ನನ್ನ ಕೈಯಾರೆ ದುಂಡಗೆ ಬರೆದೆ: "ಶೀತಗೃಹ".

ಮೊದಲ ದಿನವೇ ನಡು ಮಧ್ಯಾಹ್ನ ಬಾಗಿಲಲ್ಲಿ ಜನ. ಎದೆ ಉಬ್ಬಿತು. ಹೊಳೆಯಾಚೆಯ ಸದಾಶಿವಗಡದಿಂದ ಕೋರ್ಟಿಗೆ ಬಂದಿದ್ದ ಮುದುಕರೊಬ್ಬರು ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದರು. ಉಳಿದವರು ಆಗಲೇ ಕೈ ತೊಳೆದುಕೊಂಡು ಒಳಗೆ ಸಾಲಾಗಿ ಕೂತರು.

"ಮಾಸ್ತರಾನು, ಶೀತ ಆಸಾ?" ಎಂದರು ಮುದುಕರು.

"ಸೋಡಾ ಇದೆ" ಎಂದೆ.

"ಸೋಡಾ ಯಾರಿಗ್ ಬೇಕ್ರಾ? ಬೆಳಗಿನ ಮೊದಲ್ನೇ ದೋಣಿಗೆ ಹೊರಟವ ನಾನು. ಹಸದ ಹೊಟ್ಟಿಗೆ ಗಾಳಿ ತುಂಬೂದಾ?"

ಕಾರವಾರದ ಅರ್ಧ ಊರಿನ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ಶೀತವೆಂದರೆ ಬೆಂದ ಅನ್ನ. ಹನ್ನೊಂದು ವರ್ಷ ನೆರೆಮನೆಯ ಕಿಟಕಿಯಿಂದ ಈ ಮಾತನ್ನು ದಿನಕ್ಕೆರಡು ಹೊತ್ತು ಕೇಳಿದ್ದೇನೆ. ಬೋರ್ಡು ಬರೆಯುವಾಗ ಮಾತ್ರ ನೆನಪಾಗಲಿಲ್ಲ, ನನ್ನ ಶಬ್ದಕೋಶದಲ್ಲಿ ಅದಿರಲಿಲ್ಲ ನೋಡಿ. ಇನ್ನು ನಮ್ಮ ಅಂಕೋಲೆ ಕಡೆಯ ಕನ್ನಡದವರು? ಅವರಲ್ಲೊಬ್ಬ ಮೂಗು ಒರೆಸುತ್ತ ಬಂದು, ಶೀತಕ್ಕೆ ಕಷಾಯ ಕೊಡುತ್ತೀರೋ ಗುಳಿಗೆಯೋ ಎಂದು ಕೇಳಿದ.

ಸಂಜೆ ಹೆಂಡತಿ, "ನನ್ ಒಂದ್ ಮಾತು ಕೇಳಿದ್ರೆ ಆಗಲೇ ಹೇಳ್ತಿದ್ದೆ. ಹೋಗ್ಲಿ, ನಾಳಿಂದ ನಾನೇ ಅನ್ನ-ಸಾರು ಮಾಡ್ತೆ. ಬೋರ್ಡು ಹೆಂಗೂ ಆಯ್ತಲ್ಲ" ಎಂದಳು. ಅವಳ ಮುಖದಲ್ಲಿ ಅಂಥ ಹುರುಪನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ನಾನು ಶಬ್ದಕೋಶ ತೆರೆದು, ಶೀತ ಎಂಬುದರ ಅರ್ಥವನ್ನು ಅವಳಿಗೆ ಓದಿ ಹೇಳಿದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವಳು ಪೂರ್ತಿ ಕೇಳಿ, ಎದ್ದು ಒಳಗೆ ಹೋದಳು. ಮತ್ತೆ ಆ ಮಾತೆತ್ತಲಿಲ್ಲ.

ಅರ್ಥ ತಿಳಿಸುತ್ತ ತಿಳಿಸುತ್ತ ಹಸಿದವರನ್ನೆಲ್ಲ ಒಂದು ತಿಂಗಳ ಕಾಲ ವಾಪಸ್ ಕಳಿಸಿದೆ. ಅವರು ಹೆಚ್ಚು ದೂರ ಹೋಗಬೇಕಾಗಿರಲಿಲ್ಲ. ಅರ್ಗಾದ ವಿಧವೆಯೊಬ್ಬಳು ಇದನ್ನೆಲ್ಲ ನೋಡಿ, ನನ್ನ ಅಂಗಡಿಯ ಎದುರಿಗೇ ಮೂರು ಕಲ್ಲಿಟ್ಟು ಅನ್ನ ಬೇಯಿಸತೊಡಗಿದಳು. ಅವಳು ಪುಸ್ತಕ ತರಿಸಿರಲಿಲ್ಲ, ಬೋರ್ಡೂ ಬರೆಸಿರಲಿಲ್ಲ. ನನ್ನದೇ ಸಾಕಾಗಿತ್ತು. ನಾನು ಬಾಗಿಲು ಹಾಕುವ ದಿನ ಅವಳು ಸಂಕೋಚದಿಂದ ಬಂದು, "ಮಾಸ್ತರಾನು, ಬೋರ್ಡೊಂದು ಬಿಟ್ಟ್ ಹೋಗ್ತ್ರಾ?" ಎಂದಳು. ಬಿಟ್ಟು ಬಂದೆ. ಈಗಲೂ ಅಲ್ಲಿಯೇ ತೂಗುತ್ತಿದೆಯಂತೆ.

ಅಂಕೋಲೆಗೆ ಬಂದು ನಾಲ್ಕು ತಿಂಗಳಾಯಿತು. ಅಣ್ಣ ಕೆಟ್ಟವನಲ್ಲ. ಬಂದವರಿಗೆಲ್ಲ, "ನಮ್ಮ ತಮ್ಮ. ಕಾರವಾರದಾಗೆ ಇಂವ್ಗೆ ಶೀತ ಆಗಿತ್ತು, ಈಗ ಅಡ್ಡಿಲ್ಲ" ಎಂದು ನಗುತ್ತಾನೆ. ನಾನೂ ನಗುತ್ತೇನೆ, ವಾಕ್ಯ ಶುದ್ಧವಾಗಿದೆ, ತಿದ್ದಲು ಏನೂ ಇಲ್ಲ.

ನಿನ್ನೆ ಊಟಕ್ಕೆ ಕೂತಾಗ ನನ್ನ ಬಾಳೆಲೆ ಬರಿದಾಯಿತು. ಹೆಂಡತಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ತಲೆಯಾಡಿಸಿದ ಮೇಲೆ ಸಟ್ಟುಗ ತೆಗೆದುಕೊಂಡು ನನ್ನೆದುರು ಬಗ್ಗಿ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದಳು:

"ಶೀತ ಹಾಕ್ಲಾ?"

ಈ ಸಲ ನಾನು ಅರ್ಥ ಹೇಳಲಿಲ್ಲ. ಬಾಳೆಯನ್ನು ಮುಂದಕ್ಕೆ ಸರಿಸಿದೆ.