ಸ್ಟೀರಿಂಗಿನಿಂದ ನೆಲಕ್ಕಿಳಿದ ಗೇರು

ಮನೆಯಲ್ಲಿ ತನ್ನ ಸ್ಥಾನ ಯಾವುದೆಂದು ಹೆಂಗಸಿಗೆ ಒಮ್ಮೊಮ್ಮೆ ತೀರ ತಡವಾಗಿ ತಿಳಿಯುತ್ತದೆ. ನನ್ನದು ಮಾವನವರ ಹಳೆಯ ಬಿಳಿ ಕಾರಿನ ಗೇರಿನ ಪಕ್ಕ ಎಂದು ತಿಳಿದದ್ದು ಆ ಗೇರನ್ನು ಕಿತ್ತ ದಿನ. ಆ ಕಾರಿನಲ್ಲಿ ಗೇರು ಸ್ಟೀರಿಂಗಿನ ಕೆಳಗಿಂದ ಕೊಡೆಯ ಹಿಡಿಯ ಹಾಗೆ ಎಡಕ್ಕೆ ಚಾಚಿಕೊಂಡಿರುತ್ತಿತ್ತು. ನಮ್ಮವರ ಎಡಭುಜ ಹಿಡಿದುಕೊಂಡು ಕೈ ಸೊಂಟದಿಂದ ಮೇಲೇಳದಾದಾಗ ನಾವೊಂದು ಒಪ್ಪಂದಕ್ಕೆ ಬಂದೆವು. ಅವರು ಕ್ಲಚ್ ಒತ್ತಿ "ಎರಡು" ಎನ್ನುವುದು, ಪಕ್ಕದಲ್ಲಿ ಕುಳಿತ ನಾನು ಬಲಗೈ ಚಾಚಿ ಎರಡನೇ ಗೇರು ಹಾಕುವುದು. ಕಿಣತ್ತುಕಡವಿನ ನಾದಿನಿಯ ಮನೆಗೆ, ನೂಲಿನ ಅಂಗಡಿಗೆ, ಸೀಮಂತಗಳಿಗೆ ಹೀಗೇ ಹೋಗಿಬಂದೆವು. ನನಗೆ ಲೈಸೆನ್ಸ್ ಇಲ್ಲ. ಆದರೆ ಕಪ್ಪು-ಸಾಸರ್ ಸದ್ದಾಗದಂತೆ ಇಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ, ಆ ಮಣಿಕಟ್ಟಿನ ನಯವೇ ಗೇರಿಗೂ ಸಾಕಾಯಿತು.

ನನಗೆ ಜ್ವರ ಬಂದ ವಾರ ಕಾರೂ ನನ್ನೊಂದಿಗೇ ಮಲಗಿತು. "ಗೇರ್‌ನ ಕೆಳಗೆ ಇಳಿಸಿಬಿಟ್ರೆ ನಾನೇ ಹಾಕ್ಕೋತೀನಿ, ಕೈ ಎತ್ತೋ ಕೆಲಸವೇ ಇರಲ್ಲ. ನಿಂಗೂ ತೊಂದರೆ ಇಲ್ಲ" ಎಂದರು ನಮ್ಮವರು. ತೊಂದರೆಯೆಂದು ನಾನೆಲ್ಲಿ ಹೇಳಿದ್ದೆ? ಗಣಪತಿ ಬಡಾವಣೆಯ ವರ್ಕ್‌ಶಾಪಿಗೆ ನಾನೂ ಹೊರಟೆ, ಕೇಳಿದವರಿಗೆ ಬರೀ ಕುತೂಹಲಕ್ಕೆಂದು ಹೇಳಿಕೊಂಡು.

ಅಲ್ಲಿ ಮೆಕ್ಯಾನಿಕ್ ಪಳನಿಸಾಮಿ ಸ್ಟೀರಿಂಗ್ ಬಿಚ್ಚಿದಾಗ ನಾನು ಬಗ್ಗಿ ನೋಡಿದೆ. ಲಂಗದ ಅಂಚಿನೊಳಗೆ ಲಾಡಿ ಹಾದುಹೋಗುವ ಹಾಗೆ ಕೊಳವೆಯೊಳಗೊಂದು ಕಂಬಿ. ಅದರ ಮಗ್ಗುಲಿಗೇ ಗೇರಿನ ಸಣ್ಣ ಕಂಬಿ ಕತ್ತಲಲ್ಲಿ ಇಳಿದು ಕೆಳಗಿನ ಹಲ್ಲುಚಕ್ರಗಳವರೆಗೆ ಹೋಗಿತ್ತು. ನನ್ನ ಬಳೆ ಅಲುಗದಷ್ಟು ಮೆಲುವಾದ ಎಳೆತ ಇಷ್ಟು ದೂರ ನಡೆದು ಇಡೀ ಕಾರನ್ನು ಹೊರಡಿಸುತ್ತಿತ್ತೇ! ದೇವರ ಮುಂದೆ ನಿಂತವಳಂತೆ ನಿಂತೆ. "ಅದು ಪಳಸುಂಗಕ್ಕಾ, ವಿಡುಂಗ" ಎಂದು ತಮಿಳಿನಲ್ಲಿ ಹೇಳಿ ಅವನು ಆ ಹಳೆಯ ಕಂಬಿಯನ್ನು ಎಳೆದು ಮೂಲೆಗಿಟ್ಟ. ಅದು ಹೋದ ಮೇಲೆ ಸ್ಟೀರಿಂಗ್ ಅಲುಗದಿರಲೆಂದು ಲೇತಿನಲ್ಲಿ ಲೋಹದ ಒಂದು ಬಳೆ ಕಡೆದು ಕೊಳವೆಗೆ ತೊಡಿಸಿದ. ಗೇರಿದ್ದ ತೂತಿಗೆ ಬಿರಡೆ ಹಾಕಿ, ಬಣ್ಣ ಬಳಿದು, "ಇಂಗೆ ಗೇರ್ ಇರುಂದಿಚ್ಚುನ್ನು ಯಾರಾವದು ಸೊಲ್ಲುವಾಂಗಳಾ?" ಎಂದು ಮೀಸೆ ತಿರುವಿದ. ಇಲ್ಲೊಂದು ಗೇರಿತ್ತೆಂದು ನಾನು ಹೇಳಬಲ್ಲೆ ಎನ್ನಬೇಕೆನಿಸಿತು.

ಮರಳಿ ಬರುವಾಗ ಸೀಟಿನ ಮುಂದೆ, ನಮ್ಮಿಬ್ಬರ ನಡುವೆ, ಹೊಸ ಗೇರು ಮನೆಗೆ ಬಂದ ನೆಂಟನಂತೆ ನೆಟ್ಟಗೆ ನಿಂತಿತ್ತು. ನಮ್ಮವರು ತಾವೇ ಹಾಕಿಕೊಂಡರು, ಒಂದು, ಎರಡು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಉಕ್ಕಡಂ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅವರು ಕ್ಲಚ್ ಒತ್ತಿ "ಮೂರು" ಎಂದರು, ಕೈ ಗೇರಿಗೆ ಹೋಗಲಿಲ್ಲ. ಕಾರು ನಿಧಾನವಾಗತೊಡಗಿತು.

"ಕೈ ನೋಯುತ್ತಾ?" ಎಂದೆ.

"ಇಲ್ಲ ಅಮ್ಮಿಣಿ. ನೀನು ಹಾಕ್ತೀಯಾಂತ..."

ಸಂಭ್ರಮಕ್ಕೆ ನನ್ನ ಕೈ ಮೊದಲು ಸ್ಟೀರಿಂಗಿನ ಬಿರಡೆಯನ್ನು ತಡಕಿತು. ಆಮೇಲೆ ಕೆಳಗಿಳಿದು, ಹೊಸ ಗೇರನ್ನು ಹಳೆಯ ಗೇರಿನ ದಿಕ್ಕಿಗೇ ತಳ್ಳಿತು. ತಪ್ಪು ಗೇರಿಗೆ ಬಿದ್ದ ಕಾರು ಒಮ್ಮೆ ಕೆಮ್ಮಿ ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಬಸ್ಸಿನ ಡ್ರೈವರು ತಲೆ ಹೊರಹಾಕಿ, "ಏನುಂಗಣ್ಣಾ, ವಂಡಿ ಓಟ್ಟರದು ನೀಂಗಳಾ, ಅಕ್ಕಾವಾ?" ಎಂದು ಕೂಗಿದ.

ಗಾಡಿ ಓಡಿಸುವವರು ಯಾರೆಂದು ನಾವು ಅದುವರೆಗೆ ಒಬ್ಬರನ್ನೊಬ್ಬರು ಕೇಳಿಕೊಂಡಿರಲಿಲ್ಲ. ನಾನು ಸಿಸ್ಟರುಗಳು ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ಏನೂ ಅರಿಯದವಳ ಹಾಗೆ ರಸ್ತೆಯಾಚೆಯ ಕೆರೆಯ ಕಡೆ ನೋಡತೊಡಗಿದೆ. ಬಲಗೈ ಮಾತ್ರ ಗೇರಿನ ಮೇಲೇ ಇತ್ತು.