ಅಕ್ಕ ಏನೂ ಕೇಳಲಿಲ್ಲ

ನಮ್ಮ ತರಗತಿಯಲ್ಲಿ ವಾರಕ್ಕೊಂದಾದರೂ ಎಡವಟ್ಟು ನಡೆಯದಿದ್ದರೆ, ಆ ವಾರ ಯಾರೂ ಬಂದೇ ಇಲ್ಲವೇನೋ ಎಂದು ನನಗೆ ಅನುಮಾನವಾಗುತ್ತದೆ. ವಿಶ್ವವಿದ್ಯಾಲಯವೊಂದರ ಪರವಾಗಿ ಗುಂಡ್ಲುಪೇಟೆಯ ಬಾಡಿಗೆ ಕೋಣೆಯಲ್ಲಿ ಪಾಠ ಮಾಡುವವನು ನಾನು. ಕಾಡಂಚಿನ ಹಾಡಿಗಳ ಸೋಲಿಗರು, ಜೇನುಕುರುಬರು ಹನ್ನೆರಡು ಮಂದಿ ನನ್ನ ವಿದ್ಯಾರ್ಥಿಗಳು. ಒಂದು ವರ್ಷ ಕಲಿತು, ತಂತಮ್ಮ ಹಾಡಿಗಳಲ್ಲೇ ಮಾನಸಿಕ ಆರೋಗ್ಯ ಕಾರ್ಯಕರ್ತರಾಗಬೇಕಾದವರು. ಕೋರ್ಸಿನ ಹೆಸರು ಉದ್ದ. ಹಾಡಿಯವರು ಅದನ್ನು ‘ಮನಸಿನ ಇಸ್ಕೂಲು’ ಎಂದು ಚಿಕ್ಕದು ಮಾಡಿಕೊಂಡಿದ್ದಾರೆ. ಮಾತು ಕಡಿಮೆಯ ಮನುಷ್ಯನನ್ನು ಇಂಥ ಇಸ್ಕೂಲಿಗೆ ಮೇಷ್ಟರಾಗಿ ಏಕೆ ಹಾಕಿದರೋ, ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹನ್ನೆರಡು ಮಂದಿಯಲ್ಲಿ ಹಿರಿಯರು ಇಲ್ಲೇ ಕಾಡಂಚಿನ ಮದ್ದೂರು ಕಡೆಯ ಹಾಡಿಯ ಒಬ್ಬ ಹೆಂಗಸು. ಎಲ್ಲರೂ ‘ಅಕ್ಕ’ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಅಕ್ಕ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದರು. ಇನ್ನೊಮ್ಮೆ ಫೇಲಾದರೆ ಅವರ ಹಾಡಿಯ ಕೆಲಸ ಹೊರಗಿನವರ ಪಾಲು. ರೋಗಿಯ ಮುಂದೆ ಕೂತು ನಮೂನೆಯಲ್ಲಿರುವ ಇಪ್ಪತ್ತು ಪ್ರಶ್ನೆ ಕೇಳಬೇಕಿತ್ತು. ಅಕ್ಕ ಸುಮ್ಮನೆ ಕೂತಿದ್ದರಂತೆ.

“ಈ ಸಲ ಕೇಳಲೇಬೇಕು ಅಕ್ಕ” ಎಂದು ನಾನು ದಿನವೂ ಹೇಳುತ್ತಿದ್ದೆ.

“ಕೇಳ್ದೆ ಇರ್ತೀನಾ ಸಾ” ಎಂದು ಅವರು ದಿನವೂ ಅನ್ನುತ್ತಿದ್ದರು.

ಮರಮರಕ್ಕೂ ಕಣ್ಣು

ಆ ನಮೂನೆ ಎಲ್ಲೋ ದೂರದ ದೇಶದಲ್ಲಿ ಹುಟ್ಟಿ ಕನ್ನಡಕ್ಕೆ ಬಂದದ್ದು. ಅಭ್ಯಾಸವಾಗಲಿ ಎಂದು ಒಂದು ದಿನ ಹನ್ನೆರಡೂ ಮಂದಿಗೆ ನಾನೇ ಪ್ರಶ್ನೆ ಹಾಕಿದೆ.

“ಬೇರೆಯವರಿಗೆ ಕೇಳಿಸದ ಸದ್ದು ನಿಮಗೆ ಕೇಳಿಸುತ್ತದೆಯೆ?”

“ಕೇಳಿಸ್ತದ ಸಾ” ಎಂದರು, ಎಲ್ಲರೂ ಒಟ್ಟಿಗೆ.

“ಎಂಥ ಸದ್ದು?”

“ಆನೆ ದೂರ್ದಲ್ಲಿ ಗುರ್ ಅನ್ನದು. ನಿಮ್ಗ ಕೇಳ್ಸಲ್ವಾ?” ಎಂದ ಅವರಲ್ಲಿ ಜೇನು ಕೀಳುವವನೊಬ್ಬ, ಬಹಳ ಮರುಕದಿಂದ.

ಮುಂದಿನ ಪ್ರಶ್ನೆಗೆ ಹೋದೆ. “ಸುತ್ತ ಯಾರೂ ಇಲ್ಲದಾಗಲೂ ಯಾರೋ ನಿಮ್ಮನ್ನು ನೋಡುತ್ತಿದ್ದಾರೆ ಅನ್ನಿಸುತ್ತದೆಯೆ?”

“ಅನ್ಸದೇನ್ ಬಂತು ಸಾ? ಮರಮರಕ್ಕೂ ಕ್ಯಾಮೆರಾ ಕಟ್ಟವ್ರ. ಉಲಿ ಎಣ್ಸಕ್ಕ ಅಂತಾರ. ನಾವು ಬಯಲ್ಗ ಓಗೋದೂ ಅದ್ರಲ್ಲಿ ಬಿದ್ದದ.”

“ನಿಮ್ಮನ್ನು ಇರುವ ಜಾಗದಿಂದ ಓಡಿಸಲು ಯಾರೋ ಸಂಚು ಮಾಡುತ್ತಿದ್ದಾರೆ ಅನ್ನಿಸುತ್ತದೆಯೆ?”

ತರಗತಿ ಗೊಳ್ಳೆಂದಿತು. “ಸಂಚ್ಯಾಕ ಮಾಡಾರು ಸಾ? ನೋಟೀಸೇ ಕೊಟ್ಟವ್ರ!”

ನನ್ನದೂ ಒಂದು ಹಾಳೆ ತುಂಬಿ ಅಂಕ ಕೂಡಿಸಿದೆ. ಹನ್ನೆರಡು ಮಂದಿಗೂ ತುರ್ತು ಚಿಕಿತ್ಸೆ ಬೇಕು ಎಂದು ಬಂತು. ಸೊನ್ನೆ ಅಂಕ ಪಡೆದು ಪೂರ್ಣ ಆರೋಗ್ಯವಂತನಾಗಿ ಉಳಿದವನು ನಾನೊಬ್ಬನೇ. ಅಕ್ಕ ನನ್ನ ಹಾಳೆಯನ್ನು ಕೈಗೆ ತೆಗೆದುಕೊಂಡು ಅಕ್ಷರ ಕೂಡಿಸಿಕೊಂಡು ಓದಿದರು. ಆಮೇಲೆ ಉಳಿದವರ ಕಡೆ ತಿರುಗಿದರು.

“ಏನೂ ಕೇಳ್ಸಲ್ವಂತೆ, ಏನೂ ಅನ್ಸಲ್ವಂತೆ. ಪಾಪ, ಇವ್ರ್ನ ಒಬ್ರೇ ಎಲ್ಲೂ ಓಗಕ್ಕ ಬುಡ್ಬ್ಯಾಡಿ ಕಣ್ರಪ್ಪ.”

ನೆಮ್ಮದಿಯ ಜಾಗ

ಮನಸ್ಸನ್ನು ಹಗುರ ಮಾಡುವ ಪಾಠಕ್ಕೆ ಮೇಲಿನಿಂದ ಒಂದು ಧ್ವನಿಮುದ್ರಿಕೆ ಕಳಿಸಿದ್ದರು. ಚಾಪೆಯ ಮೇಲೆ ಎಲ್ಲರನ್ನೂ ಮಲಗಿಸಿ ಹಾಕಿದೆ. ಜೇನಿನಂಥ ಹೆಣ್ಣು ದನಿ.

“ಕಣ್ಣು ಮುಚ್ಚಿ. ನೀವೀಗ ದಟ್ಟ ಕಾಡಿನಲ್ಲಿ ಒಬ್ಬರೇ ನಡೆಯುತ್ತಿದ್ದೀರಿ.”

ಚಾಪೆಗಳು ಅಲುಗಿದವು.

“ಎಲ್ಲೆಲ್ಲೂ ಮೌನ. ಒಂದು ಹಕ್ಕಿಯೂ ಕೂಗುತ್ತಿಲ್ಲ.”

ಮೂವರು ಎದ್ದು ಕೂತರು.

“ನಿಮ್ಮ ಹಿಂದೆ ಒಣ ಎಲೆಗಳ ಮೆಲ್ಲನೆಯ ಸದ್ದು…”

ಜೇನು ಕೀಳುವವನು ಮೇಜಿನ ಮೇಲಿದ್ದ. ಹೇಗೆ ಹತ್ತಿದ ಎಂದು ಯಾರೂ ನೋಡಲಿಲ್ಲ. ಒಬ್ಬಳು ಬಾಗಿಲ ಹೊರಗೆ ನಿಂತು ಏದುಸಿರು ಬಿಡುತ್ತಿದ್ದಳು.

“ಅಕ್ಕಿ ಕೂಗು ನಿಂತೋಯ್ತು ಅಂದ್ರ ಉಲಿ ಬಂದದ ಅಂತ ಸಾ! ಅಂತ ಒತ್ತಲ್ಲಿ ಕಣ್ ಮುಚ್ಕ ಅಂತಾವ್ಳಲ್ಲ, ಈ ತಾಯಿ ಯಾವೂರೋಳು?” ಎಂದ ಮೇಜಿನ ಮೇಲಿಂದಲೇ.

ಹಾಗಾದರೆ ನಿಮಗೆ ನೆಮ್ಮದಿ ಅನ್ನಿಸುವ ಜಾಗ ಯಾವುದು ಎಂದು ಕೇಳಿದೆ. ಬಹಳ ಚರ್ಚೆಯಾಗಿ ಒಮ್ಮತದ ಉತ್ತರ ಬಂತು: ಗುಂಡ್ಲುಪೇಟೆ ಬಸ್ ಸ್ಟ್ಯಾಂಡು. ಅಲ್ಲಿ ಆನೆ ಇಲ್ಲ, ಹುಲಿ ಇಲ್ಲ, ಮರಕ್ಕೆ ಕಟ್ಟಿದ ಕ್ಯಾಮೆರಾ ಇಲ್ಲ, ಬಿಸಿ ವಡೆ ಇದೆ.

ಮರುದಿನ ಹೋಗಿ ನನ್ನ ಫೋನಿನಲ್ಲೇ ಅರ್ಧ ಗಂಟೆ ಮುದ್ರಿಸಿಕೊಂಡು ಬಂದೆ. “ಬೇಗೂರ್ ಬೇಗೂರ್ ಬೇಗೂರ್, ನಂಜನಗೂಡ್, ಮೈಸೂರ್, ಬೇಗ ಅತ್ರೀ” ಎಂಬ ಕಂಡಕ್ಟರನ ಕೂಗು ಎರಡನೆಯ ಸಲ ಬರುವಷ್ಟರಲ್ಲಿ ಹನ್ನೆರಡೂ ಮಂದಿ ಗೊರಕೆ ಹೊಡೆಯುತ್ತಿದ್ದರು.

ಊಂ

ಒಂದು ದಿನ ಅಕ್ಕನೊಂದಿಗೆ ಹೋಗುತ್ತಿದ್ದಾಗ ಬೇಗೂರಿನ ಒಂದು ದೊಡ್ಡ ಮನೆಯ ಮುಂದೆ ನಮ್ಮ ಜೀಪು ಪಂಕ್ಚರಾಗಿ ನಿಂತಿತು. ಜೀಪಿನ ಮೇಲೆ ದೊಡ್ಡಕ್ಷರದ ಬೋರ್ಡು: ಮಾನಸಿಕ ಆರೋಗ್ಯ ತರಬೇತಿ. ಮನೆಯ ಯಜಮಾನರು ಕೈಮುಗಿದುಕೊಂಡೇ ಓಡಿ ಬಂದರು.

“ಸ್ವಾಮಿ, ನಿಮ್ ದಮ್ಮಯ್ಯ, ಗಾಡಿ ಮುಂದಕ್ಕ ತಗೀರಿ. ಒಳಗ ಗಂಡಿನ ಕಡೇರು ಎಣ್ಣು ನೋಡಕ್ಕ ಬಂದವ್ರ. ಈ ಬೋರ್ಡ್ ನೋಡುದ್ರ ಏನಂದ್ಕಂಡರು?”

ಚಕ್ರ ಬಿಚ್ಚಿಟ್ಟಾಗಿತ್ತು. ಅಕ್ಕ ತಮ್ಮ ಟವೆಲನ್ನು ಬೋರ್ಡಿನ ಮೇಲೆ ಹರಡಿದರು. ಅದು ಮುಚ್ಚಿದ್ದು ‘ಮಾನಸಿಕ’ವನ್ನು ಮಾತ್ರ. ಉಳಿದ ‘ಆರೋಗ್ಯ’ವನ್ನು ಕಂಡು ಗಂಡಿನ ತಾಯಿಯೇ ಹೊರಗೆ ಬಂದರು. ಸೊಂಟ ನೋವಂತೆ. ಅಕ್ಕನ ಪಕ್ಕ ಜಗಲಿಯ ಮೇಲೆ ಕೂತರು. ಸೊಂಟದಿಂದ ಹಿರಿಸೊಸೆಗೆ, ಅಲ್ಲಿಂದ ಸತ್ತ ಗಂಡನಿಗೆ ಹೋಯಿತು ಮಾತು. ಒಂದಿಷ್ಟು ಅತ್ತು, ಮುಖ ತೊಳೆದುಕೊಂಡು ಒಳಗೆ ಹೋಗಿ, “ಒಳ್ಳೇ ಜನ ಇರೋ ಬೀದಿ, ಇಲ್ಲೇ ತರನ ಎಣ್ಣ” ಎಂದು ಮದುವೆ ಒಪ್ಪಿಬಿಟ್ಟರು.

“ಅಷ್ಟು ಹೊತ್ತು ಏನು ಮಾತಾಡಿದಿರಿ ಅಕ್ಕ?” ಎಂದೆ.

“ನಾನೆಲ್ಲಿ ಮಾತಾಡ್ದಿ ಸಾ? ಊಂ ಅಂದಿ.”

ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. “ಅಕ್ಕ, ಊಂ ಅಂದರೆ ಮಾರ್ಕು ಕೊಡುವುದಿಲ್ಲ. ಪ್ರಶ್ನೆಗೊಂದು ಮಾರ್ಕು. ಕೇಳಿಸಿತೆ?”

“ಊಂ” ಎಂದರು ಅಕ್ಕ.

ಇಪ್ಪತ್ತು ಪ್ರಶ್ನೆ

ಪರೀಕ್ಷೆ ಚಾಮರಾಜನಗರದಲ್ಲಿ. ಪರೀಕ್ಷಕರು ಮೈಸೂರಿನಿಂದ ಬಂದ ಪ್ರೊಫೆಸರು, ಬಹಳ ಕಟ್ಟುನಿಟ್ಟು. ರೋಗಿಯ ಪಾತ್ರ ಮಾಡಬೇಕಿದ್ದ ಗುಮಾಸ್ತರಿಗೆ ಅವತ್ತೇ ನಿಜವಾಗಿ ಜ್ವರ ಬಂದಿತ್ತು. ಪ್ರೊಫೆಸರೇ ರೋಗಿಯಾಗಲು ಒಪ್ಪಿಕೊಂಡರು. ಪಾತ್ರದ ಹಾಳೆಯಲ್ಲಿದ್ದದ್ದು ಒಂದೇ ಸಾಲು: ‘ಅಂಗಡಿ ಇಟ್ಟವನು, ನಿದ್ದೆ ಬರುವುದಿಲ್ಲ.’ ನಾನು ಸಾಕ್ಷಿಯಾಗಿ ಮೂಲೆಯಲ್ಲಿ ಕೂತೆ.

ಅಕ್ಕ ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡರು.

“ನನಗೆ ನಿದ್ದೆ ಬರಲ್ಲ” ಎಂದರು ಪ್ರೊಫೆಸರು.

“ಊಂ.”

ಪ್ರೊಫೆಸರು ಪ್ರಶ್ನೆಗೆ ಕಾದರು. ಬರಲಿಲ್ಲ. ಗಡಿಯಾರ ನೋಡಿದರು, ಸೂರು ನೋಡಿದರು, ಅಕ್ಕನ ಮುಖ ನೋಡಿದರು.

“ಊಟಾನೂ ಸೇರಲ್ಲ.”

“ಊಂ.”

“ನನಗಿಂತ ಚಿಕ್ಕವನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು.”

ಅಂಗಡಿಯವನಿಗೆ ಆ ಹುದ್ದೆ ಏಕೆ ಬೇಕು ಎಂದು ನಾನು ಹಾಳೆಯನ್ನು ಮತ್ತೆ ನೋಡಿದೆ.

“ಮನೆಯಲ್ಲಿ ನಾನು ಹಾಲ್‌ನಲ್ಲಿ, ಅವಳು ರೂಮಿನಲ್ಲಿ. ಊಟಕ್ಕೆ ಬನ್ನಿ ಅಂತ ವಾಟ್ಸಾಪ್ ಬರುತ್ತೆ.” ಪ್ರೊಫೆಸರು ಕನ್ನಡಕ ತೆಗೆದರು. “ಇನ್ನೊಬ್ಬರ ಮಾತನ್ನು ಆಲಿಸುವುದು ಹೇಗೆ ಅಂತ ಜೀವಮಾನವೆಲ್ಲ ಪಾಠ ಮಾಡಿದೀನಿ. ನನ್ನ ಮಾತು ಒಬ್ಬರೂ ಕೇಳಲ್ಲ.”

“ಊಂ” ಎಂದರು ಅಕ್ಕ. ಈ ಸಲ ಸ್ವಲ್ಪ ಉದ್ದವಾಗಿ. ಆಮೇಲೆ ಪ್ರೊಫೆಸರ ಮಾತು ನಿಲ್ಲಲೇ ಇಲ್ಲ.

ಗಂಟೆ ಹೊಡೆಯಿತು. ಪ್ರೊಫೆಸರು ಬೆಚ್ಚಿ, ಕನ್ನಡಕ ಹಾಕಿಕೊಂಡು, ಮತ್ತೆ ಪರೀಕ್ಷಕರಾದರು. “ಏನಮ್ಮ ಇದು! ನೀವು ಒಂದನ್ನೂ ಕೇಳಲೇ ಇಲ್ಲವಲ್ಲ?”

“ಕೇಳ್ದಿ ಸಾ. ಎಲ್ಲಾನೂ ಕೇಳ್ದಿ.”

“ಏನು ಕೇಳಿದ್ರಿ?”

“ನೀವು ಯೋಳುದ್ನ.”

ಅಕ್ಕ ಮಡಿಕೆ ಬಿಚ್ಚಿ ನಿಧಾನವಾಗಿ ಬರೆಯತೊಡಗಿದರು. ನಿದ್ದೆ, ಊಟ, ಸಿಟ್ಟು, ಅಳು, ಮನೆ, ಕೆಲಸ. ಹತ್ತೊಂಬತ್ತು ಪ್ರಶ್ನೆಗೆ ಉತ್ತರ ತುಂಬಿತು. ಪ್ರೊಫೆಸರು ಒಂದೊಂದನ್ನೇ ಓದಿ ನೋಡಿದರು. ಒಂದೂ ತಪ್ಪಿರಲಿಲ್ಲ.

“ಒಂದು ಉಳ್ಕತು ಸಾ” ಎಂದರು ಅಕ್ಕ. “ಯಾರೂ ಇಲ್ದಾಗ್ಲೂ ಯಾರೋ ನಿಮ್ಮ ನೋಡ್ತಾವ್ರ ಅನ್ಸ್ತದಾ?”

ಪ್ರೊಫೆಸರು ಮೂಲೆಯಲ್ಲಿದ್ದ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

“ಹೌದು” ಎಂದರು.

ಇಪ್ಪತ್ತಕ್ಕೆ ಇಪ್ಪತ್ತು. ನಮೂನೆಯ ಕೆಳಗೆ ‘ಮತ್ತೆ ಯಾವಾಗ ಬರಬೇಕು’ ಎಂಬಲ್ಲಿ ಅಕ್ಕ ‘ಗುರುವಾರ’ ಎಂದು ಬರೆದಿದ್ದರು. ಅದು ಪರೀಕ್ಷೆ ಎಂಬುದು ಅಕ್ಕನಿಗೆ ಮರೆತೇ ಹೋಗಿತ್ತೋ, ಪ್ರೊಫೆಸರಿಗೋ, ನಾನು ಹೇಳಲಾರೆ.

ಅಕ್ಕನಿಗೆ ಅವರ ಹಾಡಿಯಲ್ಲೇ ಕೆಲಸವಾಯಿತು. ಗುರುವಾರ ಗುರುವಾರ ಆರೋಗ್ಯ ಕೇಂದ್ರದ ಒಂದು ಕೋಣೆಯಲ್ಲಿ ಕೂರುತ್ತಾರೆ, ಹೊರಗೆ ಬೆಂಚು, ನಂಬರಿನ ಚೀಟಿ. ಮೊನ್ನೆ ಗುರುವಾರ ಆ ಬೆಂಚಿನ ತುದಿಗೆ ಟೋಪಿ ಹಾಕಿಕೊಂಡ ಒಬ್ಬರು ಬಂದು ಕೂತರು. ನೋಡಿದರೆ ಪ್ರೊಫೆಸರು. ಕೈಯಲ್ಲಿ ಏಳನೇ ನಂಬರು.

“ತಪಾಸಣೆಗೆ ಬಂದೆ” ಎಂದರು ನಾನು ಕೇಳುವ ಮೊದಲೇ. “ನೀವು?”

“ನಾನೂ ತಪಾಸಣೆಗೇ” ಎಂದೆ.

ಒಳಗಿನಿಂದ ಅಕ್ಕನ ದನಿ ಬಂತು: “ಆರ್ನೇ ನಂಬರು, ನಮ್ ಮೇಷ್ಟ್ರು, ಬನ್ನಿ ಸಾ. ಓದ್ ವಾರ ಎಲ್ಗ ನಿಲ್ಸಿದ್ರಿ?”