ಗ್ರಂಥಪಾಲಕರೂ ಡಬಲ್ ಬೆಲ್ಲೂ

ನಮ್ಮ ಕಾಕಾ ಮಹಾರಾಷ್ಟ್ರದ ಸಾಂಗಲಿ-ಮಿರಜ ಸುತ್ತಲಿನ ಹದಿಮೂರು ಮಂದಿ ಗ್ರಂಥಪಾಲಕರ ನೆನಪುಗಳನ್ನು ಅವರವರ ಬಾಯಿಂದಲೇ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಾರೆ. ಹದಿಮೂರರಲ್ಲೂ ಕೇಳಿಸುವುದು ಕಾಕಾ ಒಬ್ಬರದೇ ಧ್ವನಿ!

ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂಬುದು ಅವರ ವಾದ. ಕಾಕಾ ಬಸ್ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಿನಲ್ಲಿ "ಪುಢೇ ಚಲಾ, ಪುಢೇ!" ಎಂದು ಜನರನ್ನು ಮುಂದೆ ಸರಿಸುತ್ತ ಕೂಗಿ ಕೂಗಿ ಪಳಗಿದ ಅವರ ಗಂಟಲು ಇನ್ನೂ ನಿವೃತ್ತಿಯಾಗಿಲ್ಲ. ಎದುರಿಗಿರುವವರೋ ಗ್ರಂಥಪಾಲಕರು! 'ಶಾಂತತಾ ರಾಖಾ' ಎಂದು ಮೌನ ಕೋರುವ ಫಲಕದ ಕೆಳಗೆ ಆಯುಷ್ಯ ಕಳೆದ ಜನ ಪಿಸುಮಾತು ಬಿಟ್ಟು ಮೇಲೇರುತ್ತಾರೆಯೇ? ಕಾಕಾ ಅವರನ್ನು ಸರಿಯಾಗಿ ಆ ಫಲಕದ ಕೆಳಗೇ ಕೂರಿಸಿ ಮಾತನಾಡಿಸುತ್ತಾರೆ. ಫೋನು ಪಾಪ, ಕಾಕಾನನ್ನೂ ತಲೆಯ ಮೇಲಿನ ಫ್ಯಾನನ್ನೂ ನಿಷ್ಠೆಯಿಂದ ಹಿಡಿದಿಡುತ್ತದೆ.

ಈ ಹುಚ್ಚು ಹತ್ತಿದ್ದು ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ. ಕಾಕು ಮಿರಜದ ಒಂದು ವಾಚನಾಲಯದಲ್ಲಿ ಗ್ರಂಥಪಾಲಕಿಯಾಗಿದ್ದವರು, ಮನೆಯಲ್ಲೂ ಪಿಸುಮಾತಿನವರೇ. ಅವರ ಫೋಟೋಗಳು ಬೇಕಾದಷ್ಟಿವೆ, ಧ್ವನಿ ಮಾತ್ರ ಎಲ್ಲೂ ಸಿಗಲಿಲ್ಲ. ಮದುವೆ-ಮುಂಜಿಯ ವಿಡಿಯೊಗಳಲ್ಲಿ ಕಾಕು ಬಾಯಿ ತೆರೆದಾಗಲೆಲ್ಲ ಕಾಕಾ ಮಾತಾಡಿಬಿಟ್ಟಿದ್ದಾರೆ! ವರ್ಷಾಂತಿಕದ ದಿನ ಅಷ್ಟೂ ವಿಡಿಯೊಗಳನ್ನು ಹುಡುಕಿ ಸೋತು, "ಆಕೀದಂತೂ ನಾ ಉಳಿಸಿಕೊಳ್ಳಲಿಲ್ಲ. ಆಕಿ ಜೋಡಿ ಇದ್ದವರ ಮಾತರೆ ಉಳೀಲಿ" ಎಂದರು. ಅಂದಿನಿಂದ ನಾನೂ ನನ್ನ ಸ್ಕೂಟರೂ ಅವರ ಸೇವೆಗೆ ನಿಂತೆವು.

ಸಂದರ್ಶನಕ್ಕೊಂದು ವಿಧಿಯಿದೆ. ಚೀಲದಿಂದ ಸ್ಟೀಲಿನ ಲೋಟವೊಂದು ಹೊರಬರುತ್ತದೆ. ಕಾಕಾ ಅದಕ್ಕೆ ಪೆನ್ನಿನಿಂದ ಎರಡು ಸಲ ಬಡಿದರೆ ನಾನು ರೆಕಾರ್ಡಿಂಗ್ ಶುರು ಮಾಡಬೇಕು, ಒಂದು ಸಲ ಬಡಿದರೆ ನಿಲ್ಲಿಸಬೇಕು. ಕಂಡಕ್ಟರನ ಡಬಲ್ ಬೆಲ್ಲಿಗೆ ಬಸ್ಸು ಹೊರಡುವುದೂ ಸಿಂಗಲ್ ಬೆಲ್ಲಿಗೆ ನಿಲ್ಲುವುದೂ ಹಾಗೇ ಅಲ್ಲವೇ! ಬಳಿಕ ಅತಿಥಿಗೆ ಸಾಂಗಲಿಯ ಭಡಂಗ ಚುರಮುರಿ. ಹೀಗಾಗಿ ಮೊದಲ ಐದು ನಿಮಿಷ ಬರೀ ಕುರುಕುರು.

ಕಸಬೆ ಡಿಗ್ರಜದ ಗ್ರಂಥಪಾಲಕರು ಕೃಷ್ಣೆಗೆ ಮಹಾಪೂರ ಬಂದಾಗ ಪುಸ್ತಕಗಳನ್ನು ಉಳಿಸಿದ ಕಥೆ ತೆಗೆದರು.

"ನೀರು ಹೊಸ್ತಿಲಕ್ಕ ಬಂತರಿ..."

"ಹೊಸ್ತಿಲಾ?" ಕಾಕಾ ಗುಡುಗಿದರು. "ನಮ್ಮ ಬಸ್ಸಿನ ಸೀಟಿನ ಮಟಾ ಬಂದಿತ್ತು!"

ಮುಂದೆ ಮುಕ್ಕಾಲು ಗಂಟೆ ಬಸ್ಸೇ ಈಜಿತು. ಪುಸ್ತಕಗಳು ಉಳಿದವೋ ಇಲ್ಲವೋ, ಇಂದಿಗೂ ನಮಗೆ ಗೊತ್ತಿಲ್ಲ.

ಕುಪವಾಡದಲ್ಲಿ ಕಾರ್ಖಾನೆ ಕೆಲಸಗಾರರು ಬರುವ ಪುಟ್ಟ ವಾಚನಾಲಯವಿದೆ. "ಕಂಪ್ಯೂಟರ್ ಬಂದ ಮ್ಯಾಲ ಮಂದಿ ಕಡಿಮಿ ಆದ್ರೇನು?" ಎಂದು ಕಾಕಾ ಕೇಳಿದರು. "ಇಲ್ಲರಿ ಕಾಕಾ, ಹೆಚ್ಚಾಗ್ಯಾರ. ಎಲ್ಲಾರೂ ಆನ್‌ಲೈನ್ ಫಾರ್ಮ್ ತುಂಬಾಕ ಬರ್ತಾರ" ಎಂದು ಅಲ್ಲಿಯ ಗ್ರಂಥಪಾಲಕಿ ಬಾಗಿಲತ್ತ ತೋರಿಸಿದಳು. ಗದ್ದಲ ಕಂಡರೆ ಕಂಡಕ್ಟರ್ ಸುಮ್ಮನಿರುತ್ತಾನೆಯೇ? ಆ ರೆಕಾರ್ಡಿಂಗಿನ ತುಂಬ ಒಂದೇ ಮಾತು: "ಬಾಗಿಲಾಗ ನಿಂದ್ರಬ್ಯಾಡ್ರಿ, ಒಳಗ ಸರೀರಿ!"

"ಕಾಕಾ, ಒಂದು ಸಲರೆ ಸುಮ್ಮ ಕುಂದ್ರಿ" ಎಂದು ಬೇಡಿಕೊಂಡೆ.

"ನಾ ಸುಮ್ಮ ಕುಂತ್ರ ಅವರು ಯಾರ ಜೋಡಿ ಮಾತಾಡಬೇಕ?"

ನಾನು ಸ್ಕೂಟರ್ ಶುರು ಮಾಡಿದೆ.

ಹದಿನಾಲ್ಕನೆಯವರು ಆರಗದ ಗ್ರಂಥಪಾಲಕಿ, ಊರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಅವರ ಕಪಾಟಿನಲ್ಲಿ ಕನ್ನಡ ಪುಸ್ತಕಗಳಿವೆ. ಮರಾಠಿ ಶಾಲೆಯಲ್ಲಿ ಓದಿದ ಊರಿನ ಹೆಂಗಸರಿಗೆ ಕನ್ನಡ ತಿಳಿಯುತ್ತದೆ, ಅಕ್ಷರ ಮಾತ್ರ ಬಾರದು. ಹಾಗಾಗಿ ಮಾವಶಿ ಕಥೆಗಳನ್ನು ಗಟ್ಟಿಯಾಗಿ ಓದಿ ವಾಟ್ಸ್ಆ್ಯಪ್ ಗುಂಪಿಗೆ ಕಳಿಸತೊಡಗಿದರಂತೆ. ಕುರಿ ಮೇಯಿಸುವವರು, ಕಳೆ ಕೀಳುವವರು ಸೆರಗಿನಲ್ಲಿ ಫೋನು ಕಟ್ಟಿಕೊಂಡು ಕೇಳುತ್ತಾರಂತೆ.

"ಎಲ್ಲಾ ನೀವೊಬ್ಬರ ಓದ್ತೀರೇನು?" ಎಂದರು ಕಾಕಾ.

"ಒಬ್ಬಾಕಿಗೆ ಎಲ್ಲಿ ಆಗ್ತೈತಿ? ಮಿರಜದಿಂದ ನಿಮ್ಮಾಕೀನೂ ಓದಿ ಕಳಸ್ತಿದ್ಲು. ನಿಮಗ ಹೇಳಿರಲಿಲ್ಲಾ?"

ಕಾಕಾ ಪೆನ್ನು ಕೆಳಗಿಟ್ಟರು.

"ಹೇಳಿರಬೇಕು" ಎಂದರು. "ನಾ ಕೇಳಿರಾಕಿಲ್ಲ."

ಮಾವಶಿ ತಮ್ಮ ಫೋನಿನಲ್ಲಿ ಹುಡುಕಿದರು. "ಅಳಸಾಕ ಮನಸ್ಸಾಗಲಿಲ್ಲರಿ" ಎನ್ನುತ್ತ ಬೆರಳು ಒತ್ತಿದರು.

ಕಾಕುವಿನ ಧ್ವನಿ! ಪಿಸುಮಾತಲ್ಲ, ತುಂಬುಗಂಟಲಿನ ಓದು. ಇವರಿಗೆ ಇಂಥ ಧ್ವನಿ ಇತ್ತೆಂದು ನನಗೂ ಗೊತ್ತಿರಲಿಲ್ಲ. ಕುರಿಗಾರನ ಸೊಸೆಯೊಬ್ಬಳು ಕಳೆದ ಮರಿಯನ್ನು ಹುಡುಕಿಕೊಂಡು ಹೊರಟ ಕಥೆ. ಅವಳು ಇನ್ನೇನು ಹಳ್ಳ ದಾಟಬೇಕು, ಅಷ್ಟರಲ್ಲಿ ಫೋನಿನೊಳಗಿನಿಂದ ಒಂದು ಗುಡುಗು: "ಏ, ನನ್ನ ಚಾಳೀಸ ಎಲ್ಲಿಟ್ಟೀ?"

"ಶ್! ರೆಕಾರ್ಡಿಂಗ್ ನಡದೈತಿ. ಮೂಗಿನ ಮ್ಯಾಲ ಐತಿ ನೋಡ್ರಿ. ಸುಮ್ಮ ಕುಂದ್ರಿ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕಾಕಾ ಕೈಯೆತ್ತಿ ಮೂಗಿನ ಮೇಲಿನ ಕನ್ನಡಕ ಮುಟ್ಟಿ ನೋಡಿಕೊಂಡರು. ಸುಮ್ಮನೆ ಕುಳಿತರು. ಸೊಸೆ ಹಳ್ಳ ದಾಟಿದಳು, ಮರಿ ಸಿಕ್ಕಿತು, ಕಥೆ ಮುಗಿಯಿತು. ಅಲ್ಲಿಯವರೆಗೂ ಕಾಕಾ ಒಂದೇ ಒಂದು ಮಾತೂ ಆಡಲಿಲ್ಲ.

"ಇಷ್ಟ ಐತ್ರಿ" ಎಂದರು ಮಾವಶಿ ಮೆಲ್ಲಗೆ.

ಕಾಕಾ ಆಗಲೂ ಬಾಯಿ ತೆರೆಯಲಿಲ್ಲ. ಮಾವಶಿಯ ಫೋನನ್ನು ನಮ್ಮ ಫೋನಿನ ಹತ್ತಿರಕ್ಕೆ ಸರಿಸಿ, ಪೆನ್ನು ಎತ್ತಿಕೊಂಡು ಲೋಟಕ್ಕೆ ಎರಡು ಸಲ ಬಡಿದರು.